ಎನ್‌ಎಲ್‌ಆರ್, ಪಿಎಲ್‌ಆರ್, ಫಿಬ್-4: ಹೆಪಟೈಟಿಸ್‌ನಲ್ಲಿ ಯಾವುದನ್ನು ನೋಡಬೇಕು?

ಹೆಪಟೈಟಿಸ್ ಬಿ ಅಥವಾ ಸಿ ಬಹುಕಾಲದಿಂದ ಇರುವವರ ಮಾಮೂಲಿ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲೇ ಉರಿಯೂತದ ಎರಡು ಸುಳಿವುಗಳಿವೆ. ನ್ಯೂಟ್ರೋಫಿಲ್, ಲಿಂಫೋಸೈಟ್ ಎಂಬವು ಎರಡು ಬಗೆಯ ಬಿಳಿ ರಕ್ತಕಣಗಳು; ಮೊದಲನೆಯದರ ಸಂಖ್ಯೆಯನ್ನು ಎರಡನೆಯದರ ಸಂಖ್ಯೆಯಿಂದ ಭಾಗಿಸಿದರೆ ಎನ್‌ಎಲ್‌ಆರ್. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಪಿಎಲ್‌ಆರ್.

ಒಂದನ್ನೇ ಆರಿಸಬೇಕೆಂದರೆ ಎನ್‌ಎಲ್‌ಆರ್ ಎನ್ನುತ್ತೇನೆ. ಪಿಎಲ್‌ಆರ್‌ಗೆ ಈ ಕಾಯಿಲೆಯಲ್ಲೇ ದೊಡ್ಡ ತೊಡಕಿದೆ. ಲಿವರ್ ಗಟ್ಟಿಯಾದಂತೆ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವುಗಳ ತಯಾರಿಗೆ ಬೇಕಾದ ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನ್ ಕೂಡ ಲಿವರ್‌ನಿಂದ ಕಡಿಮೆ ಬರುತ್ತದೆ. ಪ್ಲೇಟ್‌ಲೆಟ್ 2,10,000, ಲಿಂಫೋಸೈಟ್ 2,100 ಇದ್ದರೆ ಪಿಎಲ್‌ಆರ್ 100. ಮುಂದೆ ಅವು 90,000 ಮತ್ತು 900ಕ್ಕೆ ಇಳಿದರೂ ಅದೇ 100! ಕಾಯಿಲೆ ಜಾಸ್ತಿಯಾಗಿರಬಹುದು, ಅಂಕಿ ಮಾತ್ರ ಅಲುಗಿಲ್ಲ.

ಎನ್‌ಎಲ್‌ಆರ್‌ನ ಉಪಯೋಗ ತಿಳಿಯುವುದು ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಸ್ಥಿತಿ) ಮುಂದುವರಿದಾಗ. ಅಲ್ಲಿ ಅದು ಏರುತ್ತಿದ್ದರೆ ಅಪಾಯ ಹೆಚ್ಚು. ಆದರೆ ಬೇರೆ ಸೋಂಕು ತಗುಲಿದರೂ, ಸ್ಟೀರಾಯ್ಡ್ ತೆಗೆದುಕೊಂಡರೂ ಅದು ಏರುತ್ತದೆ. ಎಲ್ಲರೂ ಒಪ್ಪಿದ ಗಡಿ ಅಂಕಿಯೂ ಇಲ್ಲ. ಹಾಗಾಗಿ ಒಂದೇ ವರದಿ ನೋಡಿ ಸುಮ್ನೆ ಗಾಬರಿಯಾಗಬೇಡಿ.

ನಿಮ್ಮ ಪ್ರಶ್ನೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂಬುದಾದರೆ ಈ ಎರಡನ್ನೂ ಬಿಡಿ, ಫಿಬ್-4 ಎಂಬ ಲೆಕ್ಕದ ಅಂಕಿ ನೋಡಿ. ಅದಕ್ಕೆ ವಯಸ್ಸು, ಎಎಸ್‌ಟಿ ಮತ್ತು ಎಎಲ್‌ಟಿ (ರಕ್ತದಲ್ಲಿ ಅಳೆಯುವ ಲಿವರ್ ಕಿಣ್ವಗಳು), ಪ್ಲೇಟ್‌ಲೆಟ್ ಸಂಖ್ಯೆ ಇದ್ದರೆ ಸಾಕು. ಹೆಪಟೈಟಿಸ್ ಸಿಯಲ್ಲಿ 1.45ಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ಫೈಬ್ರೋಸಿಸ್ (ಲಿವರ್‌ನಲ್ಲಿ ಕಲೆಗಟ್ಟುವಿಕೆ) ಇರುವ ಸಾಧ್ಯತೆ ಕಡಿಮೆ. 3.25 ದಾಟಿದರೆ ಸಾಧ್ಯತೆ ಜಾಸ್ತಿ. ನಡುವೆ ಬಂದರೆ ಲಿವರ್‌ನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾಗುತ್ತದೆ.

ವೈರಸ್ ಎಷ್ಟಿದೆ ಎಂಬುದನ್ನು ಇವ್ಯಾವುವೂ ಹೇಳುವುದಿಲ್ಲ. ಅದಕ್ಕೆ ವೈರಸ್‌ನ ಜೀನ್ ಅಂಶವನ್ನು ರಕ್ತದಲ್ಲಿ ಅಳೆಯುವ ಪಿಸಿಆರ್ ಪರೀಕ್ಷೆಯೇ ಆಗಬೇಕು.