ಲವಣಗಳ ಪ್ರಯೋಗ ಕಿಟ್: ಕಾರ್ಡುಗಳಿಗೆ ಪೂರ್ಣ ಅಂಕ, ಕೈಪಿಡಿಗೆ ಅರ್ಧ

ಸರಳ ಲವಣಗಳ ಸೂತ್ರ ಬರೆಯುವುದನ್ನೂ ಅವುಗಳ ದ್ರಾವಣಗಳು ಬೆರೆತಾಗ ಆಗುವ ಕ್ರಿಯೆಗಳನ್ನೂ ಒಟ್ಟಿಗೆ ಕಲಿಸುವ ಕಿಟ್ ಇದು. ಅಯಾನು (ವಿದ್ಯುದಾವೇಶ ಹೊತ್ತ ಕಣ) ಕಾರ್ಡುಗಳು, ಲವಣಗಳ ಪುಟ್ಟ ಸೀಸೆಗಳು, ಪ್ರನಾಳಗಳು, ಡ್ರಾಪರ್, ಕೈಪಿಡಿ ಇವೆ. ತಕ್ಕಡಿ ಇಲ್ಲ, 0.1 ಗ್ರಾಂ ತೋರಿಸುವಂಥದ್ದನ್ನು ನೀವೇ ಹೊಂದಿಸಿಕೊಳ್ಳಬೇಕು.

ಕೊಳ್ಳುವುದಾದರೆ ಕಾರ್ಡುಗಳಿಗಾಗಿಯೇ ಕೊಳ್ಳಬಹುದು. ಆವೇಶ ಎಷ್ಟೋ ಕಾರ್ಡಿನ ಎತ್ತರ ಅಷ್ಟು. ಅಲ್ಯೂಮಿನಿಯಂ ಮೂರು ಮನೆಯಷ್ಟು ಎತ್ತರ, ಸಲ್ಫೇಟ್ ಎರಡು. ಎರಡು ಅಲ್ಯೂಮಿನಿಯಂ ಪಕ್ಕದಲ್ಲಿ ಮೂರು ಸಲ್ಫೇಟ್ ಜೋಡಿಸಿದಾಗಲೇ ಅಂಚು ಸಮವಾಗುತ್ತದೆ. ಆವೇಶಗಳನ್ನು ಅಡ್ಡಡ್ಡ ಬದಲಿಸುವ ರೂಢಿಯಲ್ಲಿ ಮೆಗ್ನೀಸಿಯಂ ಆಕ್ಸೈಡ್‌ಗೆ ಎರಡು-ಎರಡು ಎಂದು ಬರೆದು, ಸುಲಭೀಕರಿಸಲು ಮರೆಯುವವರೇ ಹೆಚ್ಚು. ಇಲ್ಲಿ ಒಂದಕ್ಕೆ ಒಂದು ತಾನಾಗಿ ಕೂರುತ್ತದೆ. ಹೈಡ್ರಾಕ್ಸೈಡ್ ಇಡಿಯಾಗಿ ಒಂದೇ ಕಾರ್ಡು, ಹಾಗಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಲ್ಲಿ ಆವರಣ ಏಕೆ ಬೇಕೆಂಬುದು ಕಣ್ಣಿಗೇ ಕಾಣುತ್ತದೆ: ಆವರಣವಿಲ್ಲದಿದ್ದರೆ 2 ಹೈಡ್ರೋಜನ್‌ಗೆ ಮಾತ್ರ ಸೇರುತ್ತದೆ. ಕೊರತೆ ಒಂದೇ, ಕಬ್ಬಿಣಕ್ಕೆ ಮೂರು ಆವೇಶದ ಕಾರ್ಡು ಮಾತ್ರ ಇದೆ, ಎರಡರದ್ದು ಇಲ್ಲ.

ಕಾಪರ್ ಸಲ್ಫೇಟ್ ಸೀಸೆಯ ಹತ್ತಿರ ಬಂದರೆ ತೊಂದರೆ ಶುರು. ಲೇಬಲ್‌ನಲ್ಲಿ ಬರೀ ‘ಕಾಪರ್ ಸಲ್ಫೇಟ್’ ಎಂದಿದೆ, 0.1 ಮೋಲಾರ್ (ಲೀಟರಿಗೆ 0.1 ಮೋಲ್) ದ್ರಾವಣ 100 ಮಿಲೀ ಬೇಕಾದರೆ 1.6 ಗ್ರಾಂ ತೂಗಿ ಎನ್ನುತ್ತದೆ ಕೈಪಿಡಿ. ಆ ಲೆಕ್ಕ ನೀರಿಲ್ಲದ ಬಿಳಿ ಪುಡಿಯದು (ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 159.6 ಗ್ರಾಂ). ಸೀಸೆಯಲ್ಲಿರುವುದು ಐದು ನೀರಿನ ಅಣು ಹೊತ್ತ ನೀಲಿ ಹರಳು, ಅದರದ್ದು 249.7. ತೂಗಬೇಕಾದ್ದು 2.5 ಗ್ರಾಂ. 1.6 ಗ್ರಾಂ ಹಾಕಿದರೆ ದ್ರಾವಣ ಸುಮಾರು 0.064 ಮೋಲಾರ್ ಅಷ್ಟೇ. ಆಮೇಲೆ ಅಷ್ಟೇ ಗಾತ್ರದ 0.2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದಾಗ ಕ್ಷಾರದ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಿಕ್ಕುತ್ತದೆ. ನೀಲಿ ಪ್ರಕ್ಷೇಪ (ಕರಗದೆ ಬೇರ್ಪಡುವ ಘನ) ಚೆನ್ನಾಗಿಯೇ ಬರುವುದರಿಂದ ತಪ್ಪು ಗೊತ್ತೇ ಆಗುವುದಿಲ್ಲ; ಮೇಲಿನ ತಿಳಿಗೆ ಕೆಂಪು ಲಿಟ್ಮಸ್ ಅದ್ದಿದರೆ ನೀಲಿಯಾಗಿ ಗುಟ್ಟು ಬಿಡುತ್ತದೆ. ಹರಳನ್ನು ಮೊದಲು ಕಡಿಮೆ ನೀರಿನಲ್ಲಿ ಕರಗಿಸಿ, ನಂತರ 100 ಮಿಲೀ ಗೆರೆಯವರೆಗೆ ತುಂಬಿ. ವಿಚಿತ್ರವೆಂದರೆ ಬೇರಿಯಂ ಕ್ಲೋರೈಡ್ ಲೇಬಲ್‌ನಲ್ಲಿ ಎರಡು ನೀರಿನ ಅಣುಗಳನ್ನು ಸರಿಯಾಗಿಯೇ ನಮೂದಿಸಿದ್ದಾರೆ.

ಅಡುಗೆ ಉಪ್ಪು ಮತ್ತು ಪೊಟ್ಯಾಸಿಯಂ ನೈಟ್ರೇಟ್ ದ್ರಾವಣಗಳನ್ನು ಬೆರೆಸುವ ಪ್ರಯೋಗಕ್ಕೆ ಬಾಣ ಹಾಕಿ ಸಮೀಕರಣ ಅಚ್ಚು ಮಾಡಿರುವುದು ಇನ್ನೂ ದೊಡ್ಡ ತಪ್ಪು. ಅಲ್ಲಿ ಪ್ರಕ್ಷೇಪವಿಲ್ಲ, ಅನಿಲವಿಲ್ಲ, ನೀರೂ ಹುಟ್ಟುವುದಿಲ್ಲ. ನಾಲ್ಕೂ ಅಯಾನುಗಳು ಮೊದಲಿನಂತೆಯೇ ನೀರಿನಲ್ಲಿರುತ್ತವೆ. ಆ ಪುಟಕ್ಕೆ ‘ಕ್ರಿಯೆ ಇಲ್ಲ’ ಎಂದು ಬರೆದುಕೊಳ್ಳಿ.

ಸಿಲ್ವರ್ ನೈಟ್ರೇಟ್ ಕಂದು ಸೀಸೆಯಲ್ಲಿ ಬಂದಿದೆ, ಒಳ್ಳೆಯದು. ಆದರೆ ಬಟ್ಟಿ ಇಳಿಸಿದ ನೀರು ಬಳಸಿ ಎಂದು ಕೈಪಿಡಿ ಎಲ್ಲೂ ಹೇಳುವುದಿಲ್ಲ. ನಲ್ಲಿ ನೀರಿನ ಕ್ಲೋರೈಡ್ ಸಾಕು, ಉಪ್ಪು ಹಾಕುವ ಮೊದಲೇ ದ್ರಾವಣ ಬೆಳ್ಳಗಾಗುತ್ತದೆ. ಕೈಗೆ ತಗುಲಿದರೆ ಕಪ್ಪು ಕಲೆ ಉಳಿಯುವುದರಿಂದ ಕೈಗವಸು ಬೇಕೇ ಬೇಕು.

ಬೇರಿಯಂ ಕ್ಲೋರೈಡ್ ವಿಷ. ಎಚ್ಚರಿಕೆ ಕೊನೆಯ ಪುಟದಲ್ಲಲ್ಲ, ಸೀಸೆಯ ಮೇಲೇ ಇರಬೇಕಿತ್ತು. ಮಿಕ್ಕ ದ್ರಾವಣಕ್ಕೆ ಸೋಡಿಯಂ ಸಲ್ಫೇಟ್ ಹೆಚ್ಚಾಗಿಯೇ ಬೆರೆಸಿ, ಕರಗದ ಬೇರಿಯಂ ಸಲ್ಫೇಟ್ ಪೂರ್ತಿ ಕೆಳಗಿಳಿದ ಮೇಲೆ ಸೋಸಿ ತೆಗೆಯಿರಿ.