ಡೇಟಾಬೇಸ್ ಮುಟ್ಟದೆ ಓಎಸ್ ಬದಲಿಸಿದೆ: ಆಲ್ಮಾಲಿನಕ್ಸ್ 9 ಹೇಗಿದೆ?

ಸರ್ವರ್‌ಗಳಲ್ಲಿ ಬಳಸುತ್ತಿದ್ದ ಲಿನಕ್ಸ್ ಓಎಸ್ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಅಪ್‌ಡೇಟ್ ನಿಂತಿತು. ನಾನು ನೋಡಿಕೊಳ್ಳುವ ಸರ್ವರ್‌ನಲ್ಲಿ ಅಡಿಕೆ ಬೆಳೆಗಾರರ ಒಂದು ಸಂಘದ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ 13 ಅನ್ನೋ ಡೇಟಾಬೇಸ್‌ನಲ್ಲಿದೆ, ಓಎಸ್ ಸೆಂಟ್‌ಓಎಸ್ 7. ಇರುವುದು ಒಂದೇ ಮಷೀನ್. ಹಾಗಾಗಿ ಡೇಟಾಬೇಸ್ ಇದ್ದಲ್ಲೇ ಇಟ್ಟುಕೊಂಡು, ಅದೇ ಬಗೆಯ ಇನ್ನೊಂದು ಲಿನಕ್ಸ್ ಆದ ಆಲ್ಮಾಲಿನಕ್ಸ್ 9 ಹಾಕಿದೆ. ದುಡ್ಡಿಲ್ಲ, ಲೈಸೆನ್ಸ್ ಗೋಜಿಲ್ಲ, 2032ರ ಮೇ ತನಕ ಸೆಕ್ಯುರಿಟಿ ಅಪ್‌ಡೇಟ್ ಇದೆ. ನನಗೆ ತುಂಬಾ ಇಷ್ಟವಾಯಿತು.

ನಮ್ಮ ಪುಣ್ಯ, ಡೇಟಾ ಬೇರೆ ಪಾರ್ಟಿಷನ್‌ನಲ್ಲಿ (ಡಿಸ್ಕಿನ ಬೇರೆ ಭಾಗದಲ್ಲಿ) ಇತ್ತು. ಆದರೂ ಮೊದಲು ಪೂರ್ತಿ ಡಂಪ್ (ಡೇಟಾಬೇಸಿನ ನಕಲು) ತೆಗೆದು ಹೊರಗಿನ ಡಿಸ್ಕ್‌ಗೆ ಹಾಕಿ, ಆ ಡಿಸ್ಕ್ ಕಿತ್ತು ಪಕ್ಕಕ್ಕಿಟ್ಟೆ. ಇನ್‌ಸ್ಟಾಲರ್‌ನಲ್ಲಿ ಕಸ್ಟಮ್ ಆರಿಸಿದರೆ ಹಳೇ ಸೆಂಟ್‌ಓಎಸ್‌ನ ಪಾರ್ಟಿಷನ್‌ಗಳೆಲ್ಲ ಕಾಣುತ್ತವೆ. ರೂಟ್‌ಗೆ, ಅಂದರೆ ಓಎಸ್ ಇರುವ ಪಾರ್ಟಿಷನ್‌ಗೆ, ರೀಫಾರ್ಮ್ಯಾಟ್ ಟಿಕ್ ಹಾಕಲೇಬೇಕು, ಡೇಟಾ ಇರುವುದಕ್ಕೆ ಹಾಕಲೇಬಾರದು. ಇಲ್ಲಿ ಮಾತ್ರ ಕೈ ನಡುಗಿತು. ಕೊನೆಗೆ ಯಾವುದನ್ನು ಅಳಿಸುತ್ತೇನೆ ಅಂತ ಅದೇ ಒಂದು ಪಟ್ಟಿ ತೋರಿಸುತ್ತೆ, ಅದನ್ನು ಸಾಲುಸಾಲಾಗಿ ಓದಿ ಆಮೇಲೆ ಒಪ್ಪಿಕೊಳ್ಳಿ.

ಆಲ್ಮಾ 9ರ ಜೊತೆಗೇ ಪೋಸ್ಟ್‌ಗ್ರೆಸ್ 13 ಬರುತ್ತೆ, ಆದರೆ ಅದು ಡೇಟಾ ಹುಡುಕುವ ಫೋಲ್ಡರ್ ಬೇರೆ. ನಮ್ಮ ಹಳೆಯದು ಪೋಸ್ಟ್‌ಗ್ರೆಸ್‌ನವರದೇ ರೆಪೊದಿಂದ (ಸಾಫ್ಟ್‌ವೇರ್ ಭಂಡಾರದಿಂದ) ಬಂದದ್ದು, ಹಾಗಾಗಿ ಅಲ್ಲಿಂದಲೇ ಹಾಕಿದೆ. ಎರಡೂ ಓಎಸ್‌ನಲ್ಲಿ ಪೋಸ್ಟ್‌ಗ್ರೆಸ್ ಯೂಸರ್ ನಂಬರ್ 26, ಅದರಿಂದ ಫೈಲ್‌ಗಳ ಒಡೆತನ ಕೆಡಲಿಲ್ಲ. ಲಿನಕ್ಸಿನ ಭದ್ರತಾ ವ್ಯವಸ್ಥೆ ಎಸ್‌ಇಲಿನಕ್ಸ್ ಫೈಲ್‌ಗಳಿಗೆ ಹಚ್ಚುವ ಲೇಬಲ್ ಸರಿಮಾಡಲು ಒಮ್ಮೆ ರೆಸ್ಟೋರ್‌ಕಾನ್ ಕಮಾಂಡ್ ಓಡಿಸಿದೆ. ಸರ್ವಿಸ್ ಶುರುವಾಯಿತು, ಎಲ್ಲ ಟೇಬಲ್ ಅಲ್ಲೇ ಇದ್ದವು. ಅಬ್ಬಾ ಅನ್ನಿಸಿತು.

ಮರುದಿನ ಬೆಳಿಗ್ಗೆ ಸಂಘದ ಗುಮಾಸ್ತರ ಫೋನ್. "ಸಾರ್, 1-1 ನಂಬರಿನ ಸದಸ್ಯರು ಪಟ್ಟಿಯಲ್ಲಿ ಕಾಣ್ತಾರೆ, ಹುಡುಕಿದ್ರೆ ಸಿಗಲ್ಲ."

ಇದು ಆಲ್ಮಾದ ತಪ್ಪಲ್ಲ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ಪೋಸ್ಟ್‌ಗ್ರೆಸ್ ಕೇಳುವುದು ಓಎಸ್‌ನ ಮೂಲ ಲೈಬ್ರರಿ ಗ್ಲಿಬ್‌ಸಿಯನ್ನು, ಆ ಕ್ರಮ ಅದರ 2.28 ಆವೃತ್ತಿಯಲ್ಲಿ ದೊಡ್ಡದಾಗಿ ಬದಲಾಯಿತು. ಸೆಂಟ್‌ಓಎಸ್ 7ರಲ್ಲಿ ಇದ್ದದ್ದು 2.17, ಆಲ್ಮಾ 9ರಲ್ಲಿ 2.34. ಮೊದಲು 11 ಆದ ಮೇಲೆ 1-1 ಬರುತ್ತಿತ್ತು, ಈಗ 1-1 ಮೊದಲು. ಹಳೇ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್‌ನಲ್ಲಿ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಯಲ್ಲಿ) ಹೊಸ ಕ್ರಮದಲ್ಲಿ ಹುಡುಕಿದರೆ ಸಿಗೋದು ಹೇಗೆ, ಅಲ್ವಾ? ಇಡೀ ಡೇಟಾಬೇಸ್‌ನ ಎಲ್ಲ ಇಂಡೆಕ್ಸ್ ಮತ್ತೆ ಕಟ್ಟಿಸಿದೆ, ಸರಿಹೋಯಿತು. ಇದನ್ನು ಜನ ಲಾಗಿನ್ ಆಗುವ ಮೊದಲೇ ಮಾಡಬೇಕು. ಇಲ್ಲದಿದ್ದರೆ ಒಂದೇ ನಂಬರ್ ಎರಡು ಸಲ ಸೇರಿಬಿಡಬಹುದು, ಆಮೇಲೆ ಒಂದೇ ನಂಬರ್ ಎರಡು ಸಲ ಬರಲು ಬಿಡದ ಯೂನಿಕ್ ಇಂಡೆಕ್ಸ್ ಕಟ್ಟಲು ಆಗೋದೇ ಇಲ್ಲ. ಇಡೀ ಡೇಟಾಬೇಸಿನ ಕ್ರಮ ಬದಲಾದರೆ ಎಚ್ಚರಿಸುವ ವ್ಯವಸ್ಥೆ ಪೋಸ್ಟ್‌ಗ್ರೆಸ್ 15ರಿಂದ ಇದೆ, 13 ಸುಮ್ನೆ ಇರುತ್ತೆ.

ಇನ್ನೊಂದು ಮಾತು. ಇಂಟೆಲ್ ಕೋರ್ 2 ಕಾಲದ ಹಳೇ ಪ್ರೊಸೆಸರ್ ಇದ್ದರೆ ಆಲ್ಮಾ 9 ಓಡೋದಿಲ್ಲ, ಆಲ್ಮಾ 8 ನೋಡಿ. ಡೇಟಾ ರೂಟ್ ಪಾರ್ಟಿಷನ್‌ನಲ್ಲೇ ಇದ್ದರೆ ನಾನು ಮಾಡಿದ ಹಾಗೆ ಮಾಡಬೇಡಿ, ಡಂಪ್ ತೆಗೆದು ಹೊಸದರಲ್ಲಿ ತುಂಬಿಸಿ. ಟೈಮ್ ಜಾಸ್ತಿ ಹಿಡಿಯುತ್ತೆ, ಆದರೆ ಇಂಡೆಕ್ಸ್‌ಗಳೂ ಹೊಸದಾಗೇ ಆಗಿರುತ್ತವೆ.