16 ಜಿಬಿಯೋ 32 ಜಿಬಿಯೋ: ಕಲಬುರಗಿಯ ಬಿಸಿಲಿನಲ್ಲಿ ಗೇಮಿಂಗ್ ಕಂಪ್ಯೂಟರಿನ ರ‍್ಯಾಮ್

ಮೊದಲು ತೀರ್ಪು ಹೇಳಿಬಿಡುತ್ತೇನೆ, ವಿಚಾರಣೆ ಆಮೇಲೆ. ಆಟಕ್ಕೆಂದು ಕಂಪ್ಯೂಟರ್ ಕಟ್ಟಿಸುವ ಹೆಚ್ಚಿನವರಿಗೆ ಇವತ್ತಿಗೂ 16 ಜಿಬಿ ರ‍್ಯಾಮ್ ಸಾಕು. ರ‍್ಯಾಮ್ ಎಂದರೆ ಕಂಪ್ಯೂಟರ್ ಸದ್ಯ ಮಾಡುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ. ಆದರೆ ಈ 16 ಜಿಬಿ 8+8 ಎಂದು ಎರಡು ಪಟ್ಟಿಗಳಲ್ಲಿ, ಅಂದರೆ ಸ್ಟಿಕ್‌ಗಳಲ್ಲಿ ಇರಬೇಕು. 32 ಜಿಬಿ ಬೇಕೋ ಬೇಡವೋ ಎಂಬುದನ್ನು ಆಟಕ್ಕಿಂತ ಹೆಚ್ಚಾಗಿ ಆಟದ ಜೊತೆಗೆ ನೀವು ಏನೇನು ತೆರೆದಿಟ್ಟುಕೊಳ್ಳುತ್ತೀರಿ ಎಂಬುದು ನಿರ್ಧರಿಸುತ್ತದೆ. ಬರೀ ಆಟಕ್ಕೆ 64 ಜಿಬಿ ಹಾಕಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅವರ ಅಂಗಡಿ ಎಲ್ಲಿದೆ ಎಂದು ವಿಚಾರಿಸಿ. 2022ರ ಬೇಸಿಗೆಯಿಂದ ಒಂದೇ ಯಂತ್ರವನ್ನು ಮೊದಲು 16ರಲ್ಲಿ, ಈಗ 32ರಲ್ಲಿ ಓಡಿಸುತ್ತಿರುವವನ ಮಾತು ಇದು.

ಯಂತ್ರ ಅಂಥ ದುಬಾರಿಯದೇನೂ ಅಲ್ಲ. ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಇರುವುದು ಹುಮನಾಬಾದ್ ಬೇಸ್ ಕಡೆಯ ಮನೆಯ ಮೇಲಿನ ಕೋಣೆಯಲ್ಲಿ; ಕೆಳಗೆ ಶಹಾಬಾದ್ ಫರಸಿ, ಮೇಲೆ ಹಗಲಿಡೀ ಕಾಯುವ ಸ್ಲ್ಯಾಬ್. ಮೊದಲು ಹಾಕಿಸಿದ ರ‍್ಯಾಮ್ ಕೊರ್ಸೇರ್ ವೆಂಜೆನ್ಸ್ ಎಲ್‌ಪಿಎಕ್ಸ್, ಡಿಡಿಆರ್4 ಎಂಬ ಪೀಳಿಗೆಯ, 3200 ವೇಗದ 8+8 ಜೋಡಿ. ಕಪ್ಪು ಅಲ್ಯೂಮಿನಿಯಂ ಹೊದಿಕೆ, ದೀಪಗಳಿಲ್ಲ, ಎತ್ತರ ಕಡಿಮೆ. ಎತ್ತರ ಕಡಿಮೆ ಇರುವುದರ ಬೆಲೆ ಪ್ರೊಸೆಸರ್ ಮೇಲೆ ದೊಡ್ಡ ಗೋಪುರದಂಥ ಕೂಲರ್ ಕೂರಿಸುವಾಗ ಗೊತ್ತಾಗುತ್ತದೆ. ಬಣ್ಣದ ದೀಪದ ಸ್ಟಿಕ್‌ಗಳು ಎಷ್ಟೋ ಸಲ ಅದರ ಫ್ಯಾನಿಗೆ ಅಡ್ಡ ಬರುತ್ತವೆ, ಹೆಚ್ಚಿನ ಹಣವನ್ನೂ ಕೇಳುತ್ತವೆ, ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳಲ್ಲಿ, ಅಂದರೆ ಫ್ರೇಮ್‌ಗಳಲ್ಲಿ, ಒಂದನ್ನೂ ಹೆಚ್ಚು ಕೊಡುವುದಿಲ್ಲ. ಈ ಜೋಡಿ ನನಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಅದರ ಬಗ್ಗೆ ಹೇಳಲು ಇಷ್ಟು ಕಡಿಮೆ ಇರುವುದೇ ಅದರ ಗುಣ.

ಸೂಪರ್ ಮಾರ್ಕೆಟ್ ಸುತ್ತಮುತ್ತ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಗಳಲ್ಲಿ ಒಂದು ಸಲಹೆ ತಪ್ಪದೇ ಸಿಗುತ್ತದೆ: "ಈಗ ಒಂದೇ ಸ್ಟಿಕ್ ಹಾಕಿಸಿ, ಮುಂದೆ ಬೇಕಾದರೆ ಇನ್ನೊಂದು ಸೇರಿಸಿದರಾಯಿತು." ಕೇಳುವುದಕ್ಕೆ ಲೆಕ್ಕಾಚಾರದ ಮಾತು. ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಎರಡು ದಾರಿಗಳಿವೆ, ಒಂದು ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. 3200 ವೇಗದ ಡಿಡಿಆರ್4 ಒಂದೇ ಸ್ಟಿಕ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡಾದರೆ 51.2 ಜಿಬಿ. ಒಟ್ಟು ಗಾತ್ರ ಅಷ್ಟೇ ಇದ್ದರೂ ವೇಗ ಇಮ್ಮಡಿ.

ತಂಗಿಯ ಮಗನ ಕಂಪ್ಯೂಟರ್ ಇದಕ್ಕೆ ಸಾಕ್ಷಿ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡಿಲ್ಲದೆ ರೈಜೆನ್ 5 5600ಜಿ ತೆಗೆದುಕೊಂಡ. ಅದರೊಳಗೇ ಗ್ರಾಫಿಕ್ಸ್ ಇದೆ, ಆದರೆ ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ರ‍್ಯಾಮಿನಲ್ಲೇ ಪಾಲು ಕೇಳುತ್ತದೆ. ಅಂಗಡಿಯವರು ಒಂದೇ 8 ಜಿಬಿ ಸ್ಟಿಕ್ ಹಾಕಿ ಕೊಟ್ಟಿದ್ದರು. ಅದರಲ್ಲಿ 2 ಜಿಬಿ ಗ್ರಾಫಿಕ್ಸ್‌ಗೆ ಮೀಸಲಾಗಿ, ವಿಂಡೋಸ್‌ಗೂ ಆಟಕ್ಕೂ ಸೇರಿ ಉಳಿದದ್ದು ಆರಕ್ಕೂ ಸ್ವಲ್ಪ ಕಡಿಮೆ. ಕೌಂಟರ್-ಸ್ಟ್ರೈಕ್ 2 ಆಡಲು ಕನಿಷ್ಠ 8 ಜಿಬಿ ಬೇಕೆಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಹೊಗೆ ಬಾಂಬ್ ಸಿಡಿದ ಕೂಡಲೇ ಪರದೆ ನಿಂತುಬಿಡುತ್ತಿತ್ತು, ಹೊಗೆ ಕರಗುವಷ್ಟರಲ್ಲಿ ಹುಡುಗ ಸತ್ತಿರುತ್ತಿದ್ದ. ನನ್ನ 8+8 ಜೋಡಿಯನ್ನು ಅವನಿಗೆ ಕೊಟ್ಟ ಸಂಜೆ ಅದೇ ಯಂತ್ರದಲ್ಲಿ ಫ್ರೇಮ್‌ಗಳು ಹೆಚ್ಚೂಕಡಿಮೆ ಅರ್ಧದಷ್ಟು ಏರಿದವು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಎರಡನೇ ಸ್ಟಿಕ್‌ಗಿಂತ ಅಗ್ಗದ ಗ್ರಾಫಿಕ್ಸ್ ಕಾರ್ಡ್ ಇನ್ನೊಂದಿಲ್ಲ.

ಸ್ಟಿಕ್ ಕೂರಿಸುವ ಜಾಗವೂ ಮುಖ್ಯ. ನಾಲ್ಕು ಸ್ಲಾಟ್ ಇರುವ ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜೋಡಿ. ಮೊದಲ ಎರಡರಲ್ಲಿ ಅಥವಾ ಕೊನೆಯ ಎರಡರಲ್ಲಿ ಹಾಕಿದರೆ ಮತ್ತೆ ಒಂದೇ ದಾರಿ. ಸ್ಟಿಕ್‌ನ ಅಡಿಯ ಸೀಳು ಸ್ಲಾಟಿನ ಗುಬುಟಿಗೆ ಹೊಂದಬೇಕು. ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಪಕ್ಕದ ಕೊಕ್ಕೆ ಟಕ್ ಎಂದು ಮುಚ್ಚಿಕೊಳ್ಳಬೇಕು. ಮೊದಲ ಸಲ ಒತ್ತುವವರಿಗೆ ಬೋರ್ಡ್ ಮುರಿದೇಹೋಯಿತು ಎನ್ನಿಸುವಷ್ಟು ಬಲ ಬೇಕು. ಮುರಿಯುವುದಿಲ್ಲ.

ಇನ್ನೊಂದು ಕೆಲಸ ಬಯಾಸ್‌ನಲ್ಲಿದೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ. ಪೆಟ್ಟಿಗೆಯ ಮೇಲೆ 3200 ಎಂದು ಅಚ್ಚಾಗಿದ್ದರೂ ಹೊಸ ಜೋಡಿ ತಾನಾಗಿ ಓಡುವುದು ಸಾಮಾನ್ಯವಾಗಿ 2133ರಲ್ಲಿ. ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡಿದ ಮೇಲಷ್ಟೇ ನೀವು ದುಡ್ಡು ಕೊಟ್ಟ ವೇಗ ಸಿಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ. ಪರಿಚಯದವರ ಯಂತ್ರ ನೋಡಲು ಕರೆದಾಗಲೆಲ್ಲ ನಾನು ಮೊದಲು ತೆರೆಯುವುದು ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟವನ್ನು. ವೇಗ ಅಲ್ಲೇ ಬರೆದಿರುತ್ತದೆ. ವರ್ಷಗಟ್ಟಲೆ 2133ರಲ್ಲೇ ಓಡಿದ ಯಂತ್ರಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ಇನ್ನು ಆಟಗಳ ಬೇಡಿಕೆ. ವ್ಯಾಲೊರಂಟ್ ಕೇಳುವುದು ಬರೀ 4 ಜಿಬಿ. ರೆಡ್ ಡೆಡ್ ರಿಡೆಂಪ್ಷನ್ 2ಕ್ಕೆ ಕನಿಷ್ಠ 8, ಚೆನ್ನಾಗಿ ಓಡಲು 12. ಎಲ್ಡನ್ ರಿಂಗ್‌ಗೆ 12 ಮತ್ತು 16. ಸೈಬರ್‌ಪಂಕ್ 2077ರ ತಯಾರಕರು 2023ರಲ್ಲಿ ಪಟ್ಟಿಯನ್ನು ತಿದ್ದಿ ಕನಿಷ್ಠ 12, ಸಾಧಾರಣಕ್ಕೆ 16, ಅಲ್ಟ್ರಾ ಎಂಬ ಉನ್ನತ ಚಿತ್ರಮಟ್ಟಕ್ಕೆ 20, ರೇ ಟ್ರೇಸಿಂಗ್ ಎಂಬ ಬೆಳಕಿನ ಪೂರ್ಣ ವೈಭವಕ್ಕೆ 24 ಎಂದು ಬರೆದರು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಒಂದು ಅಪವಾದ: 16 ಕನಿಷ್ಠ, 32 ಶಿಫಾರಸು, 64 ಆದರ್ಶವಂತೆ! ವಿಮಾನ ಹಾರಿಸುವ ಹುಚ್ಚಿರುವವರು ಇಲ್ಲಿಗೇ ಓದು ನಿಲ್ಲಿಸಿ 32 ಕೊಳ್ಳಬಹುದು. ಉಳಿದವರು ಗಮನಿಸಬೇಕಾದದ್ದು, ಈ ಮೇಲ್ಮಟ್ಟದ ಸಂಖ್ಯೆಗಳೆಲ್ಲ ದೊಡ್ಡ ಪರದೆಯ, ದುಬಾರಿ ಗ್ರಾಫಿಕ್ಸ್ ಕಾರ್ಡಿನ ಲೆಕ್ಕದವು. ನನ್ನ 3060ರಲ್ಲಿ ಸೈಬರ್‌ಪಂಕ್ 16 ಜಿಬಿಯಲ್ಲೂ ಓಡಿತು, 32ರಲ್ಲೂ ಓಡುತ್ತಿದೆ. ಸರಾಸರಿ ಫ್ರೇಮ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ 32 ಏಕೆ ಹಾಕಿಸಿದೆ? ಸಿಟೀಸ್: ಸ್ಕೈಲೈನ್ಸ್ ಎಂಬ ನಗರ ಕಟ್ಟುವ ಆಟದ ದೆಸೆಯಿಂದ. 2015ರ ಹಳೆಯ ಆಟ, ಎರಡನೆಯ ಭಾಗ ಬಂದರೂ ನಾನು ಮೊದಲನೆಯದನ್ನು ಬಿಟ್ಟಿಲ್ಲ. ಅದರಲ್ಲಿ ಕಲಬುರಗಿಯನ್ನು ಕಟ್ಟುತ್ತಿದ್ದೇನೆ: ರಿಂಗ್ ರಸ್ತೆ, ಜಗತ್ ವೃತ್ತ, ಅಪ್ಪನ ಕೆರೆ, ರೈಲು ನಿಲ್ದಾಣ. ಕೋಟೆಯೊಳಗಿನ ಜಾಮಿಯಾ ಮಸೀದಿ ಮಾತ್ರ ಇವತ್ತಿಗೂ ಸರಿಯಾಗಿ ಕೂತಿಲ್ಲ. 1367ರ ಆ ಕಟ್ಟಡದಲ್ಲಿ ಬಯಲು ಅಂಗಳವೇ ಇಲ್ಲ, ಇಡೀ ಮಸೀದಿಯ ಮೇಲೆ ಗುಮ್ಮಟಗಳ ಚಾವಣಿ. ಆಟಗಾರರು ಮಾಡಿ ಹಂಚುವ ಮಸೀದಿಗಳಲ್ಲಿ ನನಗೆ ಸಿಕ್ಕಿದ್ದೆಲ್ಲ ಅಂಗಳದವು. ಹೊಂದುವುದೇನಾದರೂ ಸಿಕ್ಕೀತೆಂದು ಒಂದೊಂದೇ ಇಳಿಸಿಕೊಳ್ಳುತ್ತ ಹೋದ ಹಾಗೆ ಕಟ್ಟಡಗಳ ಸಂಗ್ರಹ ಸಾವಿರಗಳ ಲೆಕ್ಕಕ್ಕೆ ಹೋಯಿತು. ನೀವು ನಗರದಲ್ಲಿ ಬಳಸಿದರೂ ಬಿಟ್ಟರೂ ಈ ಆಟ ಸಂಗ್ರಹದಲ್ಲಿರುವುದನ್ನೆಲ್ಲ ಶುರುವಿನಲ್ಲೇ ರ‍್ಯಾಮಿಗೆ ತುಂಬಿಕೊಳ್ಳುತ್ತದೆ.

ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಕೈಚೆಲ್ಲುವುದಿಲ್ಲ. ಉಳಿದದ್ದನ್ನು ಡಿಸ್ಕಿನ ಪೇಜ್ ಫೈಲಿಗೆ ಸಾಗಿಸುತ್ತದೆ. ತೊಂದರೆ ಇರುವುದೇ ಅಲ್ಲಿ. ರ‍್ಯಾಮಿನಿಂದ ಒಂದು ತುಣುಕು ಬರಲು ನೂರು ನ್ಯಾನೋ ಸೆಕೆಂಡಿನ ಆಸುಪಾಸು ಸಾಕು; ಒಳ್ಳೆಯ ಎಸ್‌ಎಸ್‌ಡಿಗೂ ಹತ್ತಾರು ಮೈಕ್ರೋ ಸೆಕೆಂಡು ಬೇಕು; ಹಳೆಯ ಹಾರ್ಡ್ ಡಿಸ್ಕಿಗೆ ಹಲವು ಮಿಲಿ ಸೆಕೆಂಡು. ಹಾಗಾಗಿ ಫ್ರೇಮ್‌ಗಳ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಸೇಡಂ ರಸ್ತೆಯಿಂದ ಸ್ಟೇಷನ್ ಕಡೆಗೆ ದೃಶ್ಯ ತಿರುಗಿಸಿದರೆ ಚಿತ್ರ ಗಕ್ಕನೆ ನಿಲ್ಲುತ್ತದೆ, ಮೌಸ್ ಬಾಣ ಒಂದು ಗಳಿಗೆ ಹೆಪ್ಪುಗಟ್ಟಿ ಆಮೇಲೆ ಜಿಗಿಯುತ್ತದೆ, ಡಿಸ್ಕಿನ ಸಣ್ಣ ದೀಪ ಒಂದೇ ಸಮನೆ ಮಿನುಗುತ್ತದೆ. ಆಟ ಎಡವುವಾಗ ಆ ದೀಪ ಸುಮ್ಮನಿದ್ದರೆ ಕಾರಣ ಬಹುಶಃ ಬೇರೆ ಇದೆ. ರ‍್ಯಾಮ್ ಕೊಳ್ಳಲು ಓಡಬೇಡಿ.

2024ರಲ್ಲಿ 16+16 ಜೋಡಿ ಬಂತು. ಹಳೆಯ ಎರಡರ ಜೊತೆಗೆ ಇನ್ನೆರಡು 8 ಜಿಬಿ ಸೇರಿಸಿ ನಾಲ್ಕು ಮಾಡುವ ದಾರಿಯೂ ಇತ್ತು, ಅಗ್ಗವೂ ಆಗುತ್ತಿತ್ತು. ಆದರೆ ನಾಲ್ಕು ಸ್ಟಿಕ್‌ಗಳ ಭಾರ ಪ್ರೊಸೆಸರಿನ ಮೆಮೊರಿ ನಿಯಂತ್ರಕದ ಮೇಲೆ ಬೀಳುತ್ತದೆ. ಡಿಡಿಆರ್5 ಎಂಬ ಮುಂದಿನ ಪೀಳಿಗೆಯಲ್ಲಂತೂ ಇದು ಎದ್ದು ಕಾಣುತ್ತದೆ: ರೈಜೆನ್ 7000 ಸರಣಿಗೆ ಎರಡು ಸ್ಟಿಕ್‌ನಲ್ಲಿ 5200 ವೇಗದ ಭರವಸೆ ಕೊಡುವ ಎಎಂಡಿ, ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ. ಬದಲಾವಣೆಯ ನಂತರ ನನ್ನ ನಗರ ಎಡವುವುದು ನಿಂತಿತು. ಆಟ ಮುಚ್ಚದೆ ಬ್ರೌಸರ್ ತೆರೆದು ಕೋಟೆಯ ಫೋಟೋಗಳನ್ನು ನೋಡಬಹುದು, ಡಿಸ್ಕಾರ್ಡ್‌ನಲ್ಲಿ ಮಾತಾಡುತ್ತ ಆಟವನ್ನು ರೆಕಾರ್ಡ್ ಮಾಡಬಹುದು. ಮಿಕ್ಕ ಆಟಗಳು ಮೊದಲಿನ ಹಾಗೇ ಇವೆ. ಕಣ ದೊಡ್ಡದು ಮಾಡಿದ ಮಾತ್ರಕ್ಕೆ ತೊಗರಿ ರಾಶಿ ಹೆಚ್ಚಾಗುವುದಿಲ್ಲ.

ನಿಮಗೆ ಎಷ್ಟು ಬೇಕೆಂದು ತಿಳಿಯಲು ಟಾಸ್ಕ್ ಮ್ಯಾನೇಜರ್ ಸಾಕು, ಆದರೆ ಅದರ ಮೊದಲ ಸಂಖ್ಯೆಯನ್ನು ನಂಬಬೇಡಿ. ಹೆಚ್ಚು ರ‍್ಯಾಮ್ ಇದ್ದರೆ ವಿಂಡೋಸ್ ಮತ್ತು ಆಟಗಳು ಹೆಚ್ಚು ಹರಡಿಕೊಳ್ಳುತ್ತವೆ. 32ರಲ್ಲಿ 18 ಬಳಸುವ ಆಟ 16ರಲ್ಲಿ 12ಕ್ಕೆ ಒಗ್ಗಿಕೊಂಡು ಅಷ್ಟೇ ಚೆನ್ನಾಗಿ ಓಡಬಹುದು. ಯಾರೋ 32 ಜಿಬಿ ಯಂತ್ರದ ಚಿತ್ರ ತೋರಿಸಿ "ನೋಡಿ, ಆಟ 18 ತಿನ್ನುತ್ತಿದೆ" ಎಂದರೆ ಅದು ಪುರಾವೆಯಲ್ಲ. ಕೆಳಗೆ ಕಮಿಟೆಡ್ ಎಂಬ ಸಾಲಿದೆ, ಎಲ್ಲ ಪ್ರೋಗ್ರಾಂಗಳೂ ಸೇರಿ ಕಾಯ್ದಿರಿಸಿಕೊಂಡ ಒಟ್ಟು ಮೆಮೊರಿ ಅದು. ಆಡುವ ಹೊತ್ತಿನಲ್ಲಿ ಅದು ನಿಮ್ಮ ರ‍್ಯಾಮಿನ ಗಾತ್ರವನ್ನು ಬಹಳ ಮೀರಿ ನಿಂತಿದ್ದು, ಜೊತೆಗೆ ಆಟವೂ ಎಡವುತ್ತಿದ್ದರೆ ಮಾತ್ರ ಕೊಳ್ಳುವ ಯೋಚನೆ ಮಾಡಿ. ಇನ್ನು, ಗ್ರಾಫಿಕ್ಸ್ ಕಾರ್ಡಿನ ಮೇಲೆ ಬರೆದಿರುವ 8 ಅಥವಾ 12 ಜಿಬಿ ಬೇರೆಯ ಲೆಕ್ಕ. ಅದು ಸಾಲದೆ ಬಂದ ತೊಂದರೆಗೆ ಮದರ್‌ಬೋರ್ಡ್ ಮೇಲಿನ ರ‍್ಯಾಮ್ ಮದ್ದಲ್ಲ.

ಈಗ ದೂರು. ಹೊಸ 16+16 ಜೋಡಿ 3600 ವೇಗದ್ದು. ತಯಾರಕರ ಹೆಸರು ಇಲ್ಲಿ ಬೇಡ. ಚಳಿಗಾಲವಿಡೀ ಸುಸೂತ್ರ. ಏಪ್ರಿಲ್ ಬಂತು, ಹೊರಗೆ 42 ಡಿಗ್ರಿ ದಾಟಿತು, ಮಧ್ಯಾಹ್ನದ ಹೊತ್ತು ಆಟ ಯಾವ ಸೂಚನೆಯೂ ಇಲ್ಲದೆ ಮುಚ್ಚಿಕೊಳ್ಳತೊಡಗಿತು. ಕೆಲವೊಮ್ಮೆ ನೀಲಿ ಪರದೆ. ರಾತ್ರಿ ಏನೂ ಇಲ್ಲ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಅನ್ನು ಮಧ್ಯಾಹ್ನವೇ ಓಡಿಸಿದಾಗ ದೋಷದ ಕೆಂಪು ಸಾಲುಗಳು ಕಾಣಿಸಿಕೊಂಡವು. ಕೊಟ್ಟ ಅಂಗಡಿಯವರಲ್ಲಿಗೆ ಒಯ್ದರೆ, ಅವರ ಹವಾನಿಯಂತ್ರಿತ ಕೋಣೆಯಲ್ಲಿ ಅದು ಸಾಧುವಿನಂತೆ ವರ್ತಿಸಿತು, "ಏನೂ ದೋಷವಿಲ್ಲ" ಎಂದು ವಾಪಸು ಕೊಟ್ಟರು. ಕೊನೆಗೆ ಬಯಾಸ್‌ನಲ್ಲಿ ವೇಗವನ್ನು 3200ಕ್ಕೆ ಇಳಿಸಿದೆ. ಅಲ್ಲಿಗೆ ಕಾಟ ಮುಗಿಯಿತು, ಆಟದಲ್ಲಿ ಕಳೆದುಕೊಂಡದ್ದು ಏನೆಂದು ಕೇಳಿದರೆ ತೋರಿಸಲು ಏನೂ ಇಲ್ಲ. ಡಿಡಿಆರ್4 ಚಿಪ್‌ಗಳ ಸಾಮಾನ್ಯ ಮಿತಿ 85 ಡಿಗ್ರಿ ಎಂದು ಕಾಗದದಲ್ಲಿದೆ. ಆದರೆ ತಯಾರಕರು ಹೇಳುವ ಎಕ್ಸ್‌ಎಂಪಿ ವೇಗ ಮೂಲ ಮಾನದಂಡಕ್ಕಿಂತ ಮೇಲಿನದು, ಅಂಚಿನಲ್ಲಿ ನಿಂತ ಸ್ಟಿಕ್‌ಗೆ ನಮ್ಮ ಕೋಣೆಯ ಬಿಸಿ ಸಾಕಾಗುತ್ತದೆ. ಬೆಂಗಳೂರಿನಲ್ಲಿ ಕೂತು ಬರೆದ ವಿಮರ್ಶೆಗಳಲ್ಲಿ ಈ ಮಾತು ಸಿಗುವುದಿಲ್ಲ.

ಬೇಸಿಗೆಯ ಇನ್ನೊಂದು ಎಚ್ಚರ: ನೀರಿನ ಏರ್ ಕೂಲರನ್ನು ಕ್ಯಾಬಿನೆಟ್ ಕಡೆಗೆ ತಿರುಗಿಸಬೇಡಿ. ನಮ್ಮ ಗಡಸು ನೀರಿನ ಹನಿ ಒಣಗಿ ಜಾಲರಿಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ, ಅದಕ್ಕೆ ಬೇಳೆ ಮಿಲ್ಲುಗಳ ಕಡೆಯಿಂದ ಬರುವ ಹೊಟ್ಟಿನ ಧೂಳು ಅಂಟಿಕೊಂಡರೆ ಬ್ರಷ್‌ಗೂ ಬಗ್ಗುವುದಿಲ್ಲ.

ಕರೆಂಟ್ ಹೋಗಿಬರುವ ಮನೆಗಳಿಗೆ ಒಂದು ಸಣ್ಣ ವಿಷಯ. ಸ್ಲೀಪ್‌ನಲ್ಲಿಟ್ಟಾಗ ತೆರೆದ ಕೆಲಸವೆಲ್ಲ ರ‍್ಯಾಮಿನಲ್ಲೇ ಇರುತ್ತದೆ, ವಿದ್ಯುತ್ ಕಡಿದರೆ ಮಾಯ. ಹೈಬರ್ನೇಟ್ ಮಾಡಿದರೆ ಡಿಸ್ಕಿಗೆ ಹೋಗುತ್ತದೆ. ಅದಕ್ಕೆಂದು ವಿಂಡೋಸ್ ಸಾಮಾನ್ಯವಾಗಿ ರ‍್ಯಾಮಿನ ಶೇ 40ರಷ್ಟು ಜಾಗ ಹಿಡಿದಿಡುತ್ತದೆ. 32 ಜಿಬಿಗೆ ಸುಮಾರು 13 ಜಿಬಿ ಡಿಸ್ಕ್ ಹೋಯಿತು ಎಂದೇ ಲೆಕ್ಕ ಹಾಕಿಕೊಳ್ಳಿ.

ಈಗ ಕೊಳ್ಳುವವರ ಕಷ್ಟ ಬೇರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ದುಪ್ಪಟ್ಟು ದಾಟಿ ಹೋಗಿದೆ. ಚಿಪ್ ತಯಾರಿಕೆಯ ಬಹುಪಾಲು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರರ ಕೈಯಲ್ಲಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಕೇಳಿದಷ್ಟು ಹಣ ಕೊಟ್ಟು ಕೊಳ್ಳುತ್ತಿವೆ. ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಹೈದರಾಬಾದಿಗೆ ಹೋಗಿ ಚೌಕಾಸಿ ಮಾಡಿದರೆ ಉಳಿಯುತ್ತಿದ್ದ ಹಣವೂ ಈಗ ಉಳಿಯುವುದಿಲ್ಲ, ಅಲ್ಲಿಯೂ ಇದೇ ದರ. ಡಿಡಿಆರ್4 ಯಂತ್ರ ಇರುವವರು ಅದನ್ನೇ ಉಳಿಸಿಕೊಳ್ಳಿ. 8ರಲ್ಲಿದ್ದರೆ ಅದೇ ವೇಗದ ಇನ್ನೊಂದು 8 ಸೇರಿಸಿ, ಬಳಸಿದ ಸ್ಟಿಕ್ ಆದರೂ ಆದೀತು, ಕೊಳ್ಳುವ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಲು ಒಪ್ಪಬೇಕಷ್ಟೆ. ಹೊಸದಾಗಿ ಎಎಂ5, ಅಂದರೆ ಎಎಂಡಿಯ ಹೊಸ ಪ್ರೊಸೆಸರ್‌ಗಳ ಸಾಕೆಟ್ ಇರುವ ಯಂತ್ರ, ಕಟ್ಟಿಸುವವರಿಗೆ ಡಿಡಿಆರ್5 ಬಿಟ್ಟರೆ ಗತಿಯಿಲ್ಲ. ಅಲ್ಲಿ 8+8ಕ್ಕೆ ನಿಂತು, ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಬೆಲೆ ಇಳಿದ ದಿನ 16+16 ತಂದು, ಹಳೆಯ ಜೋಡಿಯನ್ನು ಮಾರಿಬಿಡಿ.